ಪಾಠಶಾಲೆಯ ಯೋಗಕ್ಷೇಮಕ್ಕೆ ಹೊಣೆ ಯಾರು?

ನಮ್ಮ ಬಾಲಕ ಬಾಲಿಕೆಯರಿಗೆ ಲೆಕ್ಕವನ್ನು ಕಲಿಸುವುದಕ್ಕೆ ಒಬ್ಬ ಉಪಾಧ್ಯಾಯರಿರುವರು. ಆಟಗಳನ್ನು ಕಲಿಸುವುದಕ್ಕೆ ಬೇರೊಬ್ಬರು. ಮಧ್ಯಾಹ್ನದ ಅನ್ನದ ವ್ಯವಸ್ಥೆಯನ್ನು ನೋಡುವುದಕ್ಕೆ ಅಧಿಕಾರಿಗಳು. ಪುಸ್ತಕ, ಸಮವಸ್ತ್ರಗಳ ಸರಬರಾಜಿಗೆ ಕಚೇರಿ, ಗುಮಾಸ್ತರು, ಕಡತಗಳು. ಇಷ್ಟೆಲ್ಲ ಏರ್ಪಾಡಿನ ನಡುವೆ, ಮುಂಜಾನೆ ಮನೆಯಿಂದ ಹೊರಟ ಮಗುವು ಹೊರಟಂತೆಯೇ ಸಂಜೆ ಮನೆಗೆ ಮರಳುವಂತೆ ನೋಡಿಕೊಳ್ಳುವುದನ್ನೇ ತನ್ನ ಉದ್ಯೋಗವನ್ನಾಗಿ ಉಳ್ಳವರು ಯಾರೆಂದು ಕೇಳಿದರೆ, ಕೇಳಿದವರೂ ಕೇಳಿಸಿಕೊಂಡವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳಬೇಕಾಗುತ್ತದೆ.

ಮುಖ್ಯೋಪಾಧ್ಯಾಯರೇ ಹೊಣೆಯೆಂದು ಕೆಲವರು ಹೇಳಿಯಾರು. ಅವರಿಗೆ ಹೊಣೆಯಿಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ಅವರು ಪಾಠ ಹೇಳಬೇಕು. ಹಾಜರಿಯ ಲೆಕ್ಕ ಕಳುಹಬೇಕು. ಸೋರುವ ಮಾಡಿನ ದುರಸ್ತಿಗೆ ಅರ್ಜಿಯ ಮೇಲೆ ಅರ್ಜಿ ಬರೆಯಬೇಕು. ಅಕ್ಕಿಬೇಳೆಯ ದಾಸ್ತಾನನ್ನು ನೋಡಬೇಕು. ಚುನಾವಣೆ ಬಂದರೆ ಮತಗಟ್ಟೆಗೆ ಓಡಬೇಕು. ಜನಗಣತಿ ಬಂದರೆ ಮನೆಮನೆಯ ಬಾಗಿಲನ್ನು ತಟ್ಟಬೇಕು. ಇವೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಬೆಂಕಿ, ನೆರೆ, ಭೂಕಂಪ, ಗೋಡೆ ಕುಸಿತ, ವಿದ್ಯುತ್ತಿನ ತಂತಿ ಇವುಗಳ ಬಗೆಗೆ ಅವರು ಪ್ರವೀಣರಾಗಬೇಕೆಂದು ಅಪೇಕ್ಷಿಸುವುದು ನ್ಯಾಯವೇ? ವೈದ್ಯನು ಮಾಡತಕ್ಕ ಕೆಲಸವನ್ನು ವೈದ್ಯನಿಗೆ ಬಿಟ್ಟಿದ್ದೇವೆ. ಸೇತುವೆ ಕಟ್ಟುವುದನ್ನು ಎಂಜಿನಿಯರರಿಗೆ ಬಿಟ್ಟಿದ್ದೇವೆ. ನೂರಾರು ಮಕ್ಕಳನ್ನು ಒಂದೇ ಛಾವಣಿಯ ಕೆಳಗೆ ದಿನಕ್ಕೆ ಆರು ಗಂಟೆಗಳ ಕಾಲ ಕೂಡಿಸಿಡುವ ಸ್ಥಳದ ರಕ್ಷಣೆಯನ್ನು ಮಾತ್ರ ಬಿಡುವಿನ ವೇಳೆಯ ಕೆಲಸವೆಂದು ಎಣಿಸಿದ್ದೇವೆ. ಇದೂ ಒಂದು ವಿದ್ಯೆ, ಇದೂ ಒಂದು ವೃತ್ತಿ. ಇದಕ್ಕೆ ಶಿಕ್ಷಣ, ಹುದ್ದೆ, ಸಂಬಳ, ಬಡ್ತಿ ಎಲ್ಲವೂ ಇರತಕ್ಕದ್ದು ಎಂಬುದೇ ಇಂದು ನಾವು ವಾಚಕ ಮಹಾಶಯರ ಮುಂದೆ ಇಡಬೇಕೆಂದಿರುವ ಮಾತು.

ಈ ಮಾತನ್ನು ಆಡುವಾಗ ಕುಂಭಕೋಣವನ್ನು ನೆನೆಯದೆ ಇರುವುದು ಸಾಧ್ಯವಲ್ಲ. 2004ನೆಯ ಇಸವಿ ಜುಲೈ 16ನೆಯ ತಾರೀಖು, ಶುಕ್ರವಾರ. ಆ ಊರಿನ ಒಂದು ಖಾಸಗಿ ಶಾಲೆಯ ಕಟ್ಟಡ. ಒಂದೇ ಕಟ್ಟಡದಲ್ಲಿ ಮೂರು ಶಾಲೆಗಳು ನಡೆಯುತ್ತಿದ್ದುವು. ಕೆಳಗೆ ಮಧ್ಯಾಹ್ನದ ಊಟಕ್ಕೆ ಅಡಿಗೆ. ಅಡಿಗೆಮನೆಗೆ ಹುಲ್ಲುಗರಿಯ ಹೊದಿಕೆ. ಮೇಲಿನ ಅಂತಸ್ತಿನ ತರಗತಿಗಳಿಗೂ ಹುಲ್ಲುಗರಿಯ ಮಾಡು. ಇಳಿದು ಬರುವುದಕ್ಕೆ ಇಕ್ಕಟ್ಟಾದ ಮೆಟ್ಟಿಲು. ಒಲೆಯ ಕಿಡಿ ಮಾಡಿಗೆ ಹಾರಿತು. ಉರಿಯುವ ಮಾಡು ಮಕ್ಕಳ ಮೇಲೆಯೇ ಕುಸಿಯಿತು. 94 ಮಕ್ಕಳು ಸುಟ್ಟು ಸತ್ತರು. ಎಲ್ಲರೂ ಪ್ರಾಥಮಿಕ ತರಗತಿಯ ಎಳೆಯರು. ಇದಕ್ಕೆ ಹೊಣೆಗಾರರು ಯಾರೆಂದು ಕೆಳಗಣ ನ್ಯಾಯಾಲಯವು ತೀರ್ಮಾನಿಸುವುದಕ್ಕೆ ಹತ್ತು ವರ್ಷಗಳು ಹಿಡಿದುವು. 2014ರಲ್ಲಿ ಹತ್ತು ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಮೇಲಿನ ನ್ಯಾಯಾಲಯದಲ್ಲಿ ಮುಂದೆ ಆದುದು ಬೇರೆ ಮಾತು. ಅಗ್ನಿಯು ಅರ್ಧ ಗಂಟೆಯಲ್ಲಿ ಮುಗಿಸಿದ ಕೆಲಸವನ್ನು ಅರ್ಥಮಾಡಿಕೊಳ್ಳುವುದಕ್ಕೆ ಮನುಷ್ಯನ ಕಾನೂನಿಗೆ ಒಂದು ದಶಕ ಬೇಕಾಯಿತು.

ಈಗ ವಿಚಾರಮಾಡಿರಿ. ಆ ಕಟ್ಟಡದಲ್ಲಿ ರಹಸ್ಯವಾದುದು ಏನಿತ್ತು? ಹುಲ್ಲಿನ ಮಾಡು ಬೀದಿಗೆ ಕಾಣುತ್ತಿತ್ತು. ಒಲೆಯ ಹೊಗೆ ದಿನಾಲು ಏಳುತ್ತಿತ್ತು. ಮೆಟ್ಟಿಲಿನ ಅಗಲವನ್ನು ಅಳೆಯುವುದಕ್ಕೆ ಮೊಳಕೋಲು ಸಾಕಾಗಿತ್ತು. ತಂದೆತಾಯಿಗಳೂ ಅಧಿಕಾರಿಗಳೂ ಅದೇ ಬಾಗಿಲಿನಲ್ಲಿ ಹೋಗಿಬರುತ್ತಿದ್ದರು. ಕಣ್ಣಿಗೆ ಬಿದ್ದುದೆಲ್ಲ ಮನಸ್ಸಿಗೆ ಬೀಳುವುದಿಲ್ಲ. ಒಲೆ, ಮಾಡು, ಮೆಟ್ಟಿಲು ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ, ಇಲ್ಲಿ ಮಕ್ಕಳು ಕುಳಿತುಕೊಳ್ಳಕೂಡದೆಂದು ಹೇಳಬಲ್ಲ ಅಭ್ಯಾಸವುಳ್ಳ ಕಣ್ಣು ಬೇರೆ. ಅಂತಹ ಕಣ್ಣುಳ್ಳವನನ್ನು ಅಲ್ಲಿಗೆ ಕಳುಹಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ಪ್ರಾಚೀನರಿಗೆ ಈ ಜ್ಞಾನವಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ನಮ್ಮ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರದ ಬೆಂಕಿಯ ವಿಷಯವಾಗಿ ವಿಧಿಗಳಿವೆ. ಬೇಸಗೆಯಲ್ಲಿ ಹಗಲಿನ ನಡುವಿನ ಹೊತ್ತು ಮನೆಯೊಳಗೆ ಬೆಂಕಿ ಹೊತ್ತಿಸಕೂಡದು, ಅಡಿಗೆಯನ್ನು ಹೊರಗೆ ಮಾಡತಕ್ಕದ್ದು. ಹುಲ್ಲುಚಾಪೆಗಳ ಹೊದಿಕೆಯನ್ನು ತೆಗೆಯಿಸತಕ್ಕದ್ದು. ಪ್ರತಿಯೊಬ್ಬ ಗೃಹಸ್ಥನೂ ನೀರಿನ ಗಡಿಗೆಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇವುಗಳನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕು, ಇಡದಿದ್ದರೆ ದಂಡ. ಬೀದಿಗಳಲ್ಲಿ ನೀರಿನ ಪಾತ್ರೆಗಳ ಸಾಲು. ಇಷ್ಟನ್ನು ಬರೆದು ಕೌಟಿಲ್ಯನು ಸುಮ್ಮನಾಗಲಿಲ್ಲ. ನೋಡಿಕೊಳ್ಳುವುದಕ್ಕೆ ನಾಗರಿಕನೆಂಬ ಅಧಿಕಾರಿಯನ್ನು ಹೇಳಿದನು. ಅವನ ಕೈಕೆಳಗೆ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳ ತಲೆಯೆಣಿಕೆಯನ್ನು ಇಟ್ಟುಕೊಂಡಿರತಕ್ಕ ಗೋಪನನ್ನು ಹೇಳಿದನು. ವಿಧಿಯೊಡನೆ ವ್ಯಕ್ತಿ ಇರಬೇಕೆಂಬುದು ಆ ನೀತಿಜ್ಞನಿಗೆ ಗೊತ್ತಿತ್ತು. ಶಾಸ್ತ್ರಿಗಳ ಕೈಸೇರಿದ ಆ ಓಲೆಯ ಪ್ರತಿಯನ್ನು ಮೈಸೂರಿಗೆ ತಂದುಕೊಟ್ಟವರು ತಂಜಾವೂರು ಸೀಮೆಯ ಪಂಡಿತರೊಬ್ಬರು. ಕುಂಭಕೋಣವೂ ಅದೇ ತಂಜಾವೂರು ಸೀಮೆಯದು. ನಡುಹಗಲಿನಲ್ಲಿ ಹುಲ್ಲಿನ ಮಾಡಿನ ಕೆಳಗೆ ಒಲೆ ಹೊತ್ತಿಸಬಾರದೆಂಬ ವಿಧಿಯುಳ್ಳ ಗ್ರಂಥವು ಯಾವ ಸೀಮೆಯಿಂದ ಬಂದಿತೋ ಆ ಸೀಮೆಯಲ್ಲಿಯೇ ಹೀಗಾಯಿತೆಂದರೆ, ನಮ್ಮ ಗ್ರಂಥಗೌರವವು ಎಲ್ಲಿಯವರೆಗೆ ನಿಂತಿದೆಯೆಂಬುದನ್ನು ನಾವೇ ಕೇಳಿಕೊಳ್ಳಬೇಕು.

ಕುಂಭಕೋಣದ ತರುವಾಯ ಕಾಗದದ ಮೇಲೆ ಕೆಲಸವಾಗಲಿಲ್ಲವೆಂದು ಹೇಳಿದರೆ ಸರಕಾರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದಿತು. 2009ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯೆಯ ಹಕ್ಕು ಎಂದರೆ ಅಪಾಯವಿಲ್ಲದ ಶಾಲೆಯಲ್ಲಿ ವಿದ್ಯೆಯನ್ನು ಪಡೆಯುವ ಹಕ್ಕೂ ಹೌದೆಂದು ತೀರ್ಪಿತ್ತು, ಬೆಂಕಿ ಆರಿಸುವ ಸಲಕರಣೆಯನ್ನೂ ಉಪಾಧ್ಯಾಯರಿಗೆ ಅದರ ಶಿಕ್ಷಣವನ್ನೂ ಕಡ್ಡಾಯ ಮಾಡಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 22 ಪ್ರಾಂತಗಳ 43 ಜಿಲ್ಲೆಗಳಲ್ಲಿ 8600 ಶಾಲೆಗಳನ್ನು ಆರಿಸಿಕೊಂಡು ಪ್ರಯೋಗ ನಡೆಯಿಸಿತು. 2016ರಲ್ಲಿ ಶಾಲಾ ಸುರಕ್ಷೆಯ ಮಾರ್ಗಸೂಚಿಯನ್ನು ಹೊರಡಿಸಿತು. ಶಾಲೆಗೊಂದು ಯೋಜನೆ ಇರಬೇಕು, ಹೊಣೆಗೆ ಒಬ್ಬ ಶಿಕ್ಷಕರನ್ನು ಗೊತ್ತುಮಾಡಬೇಕು ಎಂದು ಅದರಲ್ಲಿದೆ. ಅದನ್ನು ನಾವು ಓದಿನೋಡಿದ್ದೇವೆ, ಬರೆದವರು ತಿಳಿದವರು. ಆದರೆ ಗೊತ್ತಾದ ಆ ಶಿಕ್ಷಕರು ಯಾರು? ಮೇಲೆ ವರ್ಣಿಸಿದ ಮುಖ್ಯೋಪಾಧ್ಯಾಯರ ತಮ್ಮನಂತಹವರು. ಅವರ ಪಾಲಿಗೂ ಅದೇ ಮತಗಟ್ಟೆ, ಅದೇ ಗಣತಿ. ಹೊಸ ಹೆಸರೊಂದು ಬಂದಿತೇ ಹೊರತು ಒಂದು ಗಂಟೆಯ ಬಿಡುವಾಗಲಿ ಒಂದು ರೂಪಾಯಿಯ ಸಂಬಳವಾಗಲಿ ಆ ಹೆಸರಿನೊಡನೆ ಬರಲಿಲ್ಲ. ಸುತ್ತೋಲೆಯು ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ ಇಳಿಯುತ್ತದೆ. ಯೋಜನೆಯೆಂಬ ಕಾಗದವು ಶಾಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುತ್ತದೆ. ಒಂದು ಶಾಲೆಯ ಯೋಜನೆಯನ್ನು ಇನ್ನೊಂದು ಶಾಲೆ ನಕಲು ಮಾಡಿಕೊಂಡು ಹೆಸರು ಬದಲಾಯಿಸಿ ಕಳುಹಿಸಿದರೂ ಮೇಲಾಧಿಕಾರಿಗಳ ರುಜು ಬೀಳಲು ತಡೆಯಿಲ್ಲ.

ಕಾಗದದ ಯೋಜನೆಗೂ ಮನುಷ್ಯರ ಅಭ್ಯಾಸಕ್ಕೂ ಇರುವ ಅಂತರವು ಎಷ್ಟೆಂಬುದನ್ನು ಒಂದೇ ದಿನ, ಒಂದೇ ಸಮುದ್ರದ ತೀರದಲ್ಲಿ ತೋರಿಸಿಕೊಟ್ಟ ದೇಶ ಜಪಾನು. 2011ನೆಯ ಇಸವಿ ಮಾರ್ಚಿ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಅಲ್ಲಿ ಭೂಮಿ ನಡುಗಿತು. ಬಳಿಕ ಸಮುದ್ರವು ಉಕ್ಕಿ ಬಂದಿತು. ಆ ತೀರದ ಎರಡು ಶಾಲೆಗಳ ಕಥೆಯನ್ನು ನಮ್ಮ ಅಧಿಕಾರಿಗಳು ತಿಳಿದುಕೊಳ್ಳತಕ್ಕದ್ದು.

ಇಶಿನೊಮಾಕಿ ನಗರಕ್ಕೆ ಸೇರಿದ ಓಕಾವಾ ಪ್ರಾಥಮಿಕ ಶಾಲೆ ಕಿತಾಕಾಮಿ ನದಿಯ ದಡದಲ್ಲಿ, ಸಮುದ್ರದಿಂದ ಸುಮಾರು ನಾಲ್ಕು ಕಿಲೋಮೀಟರು ಒಳಗೆ ಇತ್ತು. 108 ಮಕ್ಕಳು. ಭೂಕಂಪವಾದೊಡನೆ ಉಪಾಧ್ಯಾಯರು ಅವರನ್ನು ಕ್ರಮವಾಗಿ ಅಂಗಳಕ್ಕೆ ಕರೆತಂದರು, ಸಾಲಾಗಿ ನಿಲ್ಲಿಸಿದರು, ಹಾಜರಿ ತೆಗೆದುಕೊಂಡರು. ಅಲ್ಲಿಯವರೆಗೆ ಎಲ್ಲವೂ ಸರಿ. ಮುಂದೆ ಎಲ್ಲಿಗೆ? ಶಾಲೆಯ ಯೋಜನೆಯ ಪುಸ್ತಕದಲ್ಲಿ ಸಮೀಪದ ಖಾಲಿ ಜಾಗ, ಉದ್ಯಾನ ಮುಂತಾದುವು ಎಂದು ಬರೆದಿತ್ತು. ಅಂತಹ ಜಾಗ ಯಾವುದು, ಎಲ್ಲಿದೆ ಎಂದು ಬರೆದಿರಲಿಲ್ಲ. ಏಕೆಂದರೆ ಬರೆದವರು ಹೋಗಿ ನೋಡಿರಲಿಲ್ಲ. ಶಾಲೆಯ ಹಿಂದೆಯೇ ಗುಡ್ಡವಿತ್ತು. ಗುಡ್ಡಕ್ಕೆ ಏರೋಣವೆ, ಬೇಡವೆ ಎಂಬ ಚರ್ಚೆಯಲ್ಲಿ ಸುಮಾರು ಐವತ್ತು ನಿಮಿಷಗಳು ಕಳೆದುವು. ಕೊನೆಗೆ ನದಿಯ ಸೇತುವೆಯ ಬಳಿಯ ಸ್ವಲ್ಪ ಎತ್ತರದ ನೆಲದ ಕಡೆಗೆ, ಅಂದರೆ ನೀರು ಬರುವ ಕಡೆಗೇ, ಮಕ್ಕಳನ್ನು ನಡೆಯಿಸಿಕೊಂಡು ಹೊರಟರು. 74 ಮಕ್ಕಳೂ 10 ಮಂದಿ ಉಪಾಧ್ಯಾಯರೂ ಹೋದರು. ಆ ಉಪಾಧ್ಯಾಯರನ್ನು ನಿಂದಿಸುವುದಕ್ಕೆ ನಮ್ಮ ಲೇಖನಿ ಏಳುವುದಿಲ್ಲ. ಅವರು ಮಕ್ಕಳನ್ನು ಬಿಟ್ಟು ಓಡಲಿಲ್ಲ, ಮಕ್ಕಳೊಡನೆಯೇ ಸತ್ತರು. ಆದರೆ 23 ಮಕ್ಕಳ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. ಸೆಂಡಾಯಿ ಉಚ್ಚ ನ್ಯಾಯಾಲಯವು 2018ರಲ್ಲಿ ಕೊಟ್ಟ ತೀರ್ಪು ಗಮನಾರ್ಹವಾದುದು: ತಪ್ಪು ಅಂದಿನ ಮಧ್ಯಾಹ್ನದ್ದು ಮಾತ್ರವಲ್ಲ, ಅದಕ್ಕೆ ಮೊದಲೇ ಸರಿಯಾದ ಯೋಜನೆಯನ್ನು ಸಿದ್ಧಪಡಿಸದೆ ಹೋದ ಶಾಲೆಯದೂ ವಿದ್ಯಾಮಂಡಲಿಯದೂ ಹೌದು, ಮಕ್ಕಳನ್ನು ಒಪ್ಪಿಸಿಕೊಂಡವರಿಗೆ ಸಾಮಾನ್ಯ ನಿವಾಸಿಗಳಿಗಿಂತ ಹೆಚ್ಚಿನ ತಿಳಿವಳಿಕೆ ಇರತಕ್ಕದ್ದು. 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಅದು ಸ್ಥಿರವಾಯಿತು.

ಇನ್ನು ಕಾಮಾಯಿಷಿ ಎಂಬ ಊರು. ಕತಾದಾ ತೋಷಿತಾಕಾ ಎಂಬ ಪ್ರೊಫೆಸರರು ಗುನ್ಮಾ ವಿಶ್ವವಿದ್ಯಾನಿಲಯದವರು. ನೆರೆ, ಸಮುದ್ರದ ಉಬ್ಬರ ಇವುಗಳಿಂದ ಜನರನ್ನು ಉಳಿಸುವ ವಿದ್ಯೆಯನ್ನೇ ತಮ್ಮ ವೃತ್ತಿಯಾಗಿ ಮಾಡಿಕೊಂಡವರು. ದೊಡ್ಡವರಿಗೆ ಎಷ್ಟು ಉಪನ್ಯಾಸ ಮಾಡಿದರೂ ಕೇಳುವವರು ಅವರೇ ಕೇಳುತ್ತಾರೆ, ಮಿಕ್ಕವರು ಬರುವುದಿಲ್ಲವೆಂದು ಕಂಡು, ಅವರು ಶಾಲೆಗಳಿಗೆ ಹೋದರು. 2004ರ ಸುಮಾರಿನಿಂದ ಏಳು ವರ್ಷಗಳ ಕಾಲ ಆ ಊರಿನ ಉಪಾಧ್ಯಾಯರೊಡನೆ ಕೂಡಿ ದುಡಿದರು. ಪ್ರತ್ಯೇಕ ಪಾಠಕ್ಕೆ ವೇಳೆಯಿಲ್ಲವೆಂದರೆ ಗಣಿತ ಮೊದಲಾದ ಪಾಠಗಳೊಳಗೇ ಸಮುದ್ರದ ಅಲೆಯನ್ನು ತಂದು ಕೂಡಿಸಿದರು. ಸರಕಾರ ಕೊಟ್ಟ ಅಪಾಯದ ನಕ್ಷೆಯನ್ನು ಮಕ್ಕಳಿಗೆ ತೋರಿಸಿ, ಇದನ್ನು ನಂಬಿ ಕುಳಿತಿರಬೇಡಿರಿ ಎಂದರು. ಆದಷ್ಟು ಮಾಡಿರಿ ಎಂದರು. ಇತರರು ಓಡಲೆಂದು ಕಾಯದೆ ನೀವು ಮೊದಲು ಓಡಿರಿ, ನಿಮ್ಮನ್ನು ನೋಡಿ ಇತರರು ಓಡುವರು ಎಂದರು. ವಿಧೇಯತೆಯನ್ನೇ ಕಲಿಸುವ ಶಾಲೆಯಲ್ಲಿ ಈ ಮಾತು ಹೇಳುವುದಕ್ಕೆ ಧೈರ್ಯ ಬೇಕು.

ಆ ದಿನ ಕಾಮಾಯಿಷಿಯ ಪೂರ್ವ ಮಾಧ್ಯಮಿಕ ಶಾಲೆಯ ಮಕ್ಕಳು ನೆಲ ನಡುಗಿದೊಡನೆ ಓಡಿದರು. ಪಕ್ಕದಲ್ಲಿಯೇ ಇದ್ದ ಉನೊಸುಮಾಯಿ ಪ್ರಾಥಮಿಕ ಶಾಲೆಯ ಮಕ್ಕಳನ್ನು ಮೊದಲು ಮೇಲಂತಸ್ತಿಗೆ ಹತ್ತಿಸಿದ್ದರು. ಹಿರಿಯ ಮಕ್ಕಳು ಓಡುವುದನ್ನು ಕಂಡು ಅವರೂ ಇಳಿದು ಹಿಂದೆ ಹೊರಟರು. ಗೊತ್ತುಮಾಡಿದ್ದ ಸ್ಥಳವನ್ನು ಮುಟ್ಟಿದರು. ಅದರ ಹಿಂದಿನ ದಿಬ್ಬ ಕುಸಿಯುತ್ತಿರುವುದು ಕಾಣಿಸಿತು. ಇಲ್ಲಿ ಸಾಲದೆಂದು ಇನ್ನೂ ಮೇಲಕ್ಕೆ, ಅಲ್ಲಿಂದಲೂ ಮೇಲಕ್ಕೆ, ಹಿರಿಯರು ಕಿರಿಯರ ಕೈಹಿಡಿದು ನಡೆದರು. ಹಿಂದೆ ಬಿಟ್ಟುಬಂದ ಎರಡು ಶಾಲೆಗಳೂ ನೀರಿನಲ್ಲಿ ಮುಳುಗಿದುವು. ಆ ನಗರದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಜನರು ಸತ್ತರು, ಕಾಣೆಯಾದರು. ಸುಮಾರು ಮೂರು ಸಾವಿರ ಶಾಲಾ ಮಕ್ಕಳಲ್ಲಿ ಹೋದವರು ಐವರು, ಅವರೂ ಆ ಹೊತ್ತಿನಲ್ಲಿ ಶಾಲೆಯ ಆಶ್ರಯದಲ್ಲಿ ಇರಲಿಲ್ಲ. ಪತ್ರಿಕೆಗಳು ಇದನ್ನು ಪವಾಡವೆಂದು ಬರೆದುವು. ಏಳು ವರ್ಷ ಶಾಲೆಯಿಂದ ಶಾಲೆಗೆ ನಡೆದ ಕೆಲಸಕ್ಕೆ ಪವಾಡವೆಂಬ ಹೆಸರು ಕೊಡುವುದು ನಮಗೆ ಸರಿದೋರದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಜಪಾನಿನಲ್ಲಿ ಭೂಕಂಪ, ನಮ್ಮಲ್ಲಿ ಅಷ್ಟಿಲ್ಲ, ನಮಗೇಕೆ ಇದೆಲ್ಲ? ಹಾಗಾದರೆ ನಮ್ಮದನ್ನೇ ನೋಡೋಣ. 1981ನೆಯ ಇಸವಿ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವದ ಚಪ್ಪರವು ಹೊತ್ತಿಕೊಂಡು 442 ಮಂದಿ ಸತ್ತರು. ಬೆಂಗಳೂರಿನಲ್ಲಿ ಗುಡಾರ, ಹದಿನಾಲ್ಕು ವರ್ಷಗಳ ಮೇಲೆ ಡಬ್ವಾಲಿಯಲ್ಲಿ ಚಪ್ಪರ. ಮೊದಲನೆಯದರಿಂದ ಎರಡನೆಯವರಿಗೆ ಒಂದು ಅಕ್ಷರವೂ ತಲುಪಲಿಲ್ಲ. ನಮ್ಮ ಕರಾವಳಿ ಮಲೆನಾಡುಗಳಲ್ಲಿ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಹೋಗುವುದು ಕಾಲುಸಂಕದ ಮೇಲೆ. 2022ರ ಆಗಸ್ಟಿನಲ್ಲಿ ಬೈಂದೂರು ಸೀಮೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಅಂತಹ ಸಂಕದಿಂದ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಮಳೆಯ ರಜೆಯನ್ನು ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಆದುದರಿಂದ ಅವರು ಆಕಾಶವನ್ನು ನೋಡುತ್ತಾರೆ, ಹವಾಮಾನದ ವರದಿಯನ್ನು ಓದುತ್ತಾರೆ, ರಜೆ ಕೊಡುತ್ತಾರೆ. ಯಾವ ಊರಿನ ಯಾವ ಮಗು ಯಾವ ಸಂಕವನ್ನು ದಾಟಿ ಬರುತ್ತದೆಯೆಂಬ ಪಟ್ಟಿಯನ್ನು ಇಡುವ ಅಧಿಕಾರಿ ಇಲ್ಲ; ಆದುದರಿಂದ ಪಟ್ಟಿಯೂ ಇಲ್ಲ.

ಬೆಂಗಳೂರಿನ ವಾಚಕರು 2023ನೆಯ ಇಸವಿ ಡಿಸೆಂಬರ್ 1ನೆಯ ತಾರೀಖನ್ನು ಮರೆತಿರಲಾರರು. ನಗರದಲ್ಲಿಯೂ ಸುತ್ತಣ ಪ್ರದೇಶಗಳಲ್ಲಿಯೂ ಅರವತ್ತಕ್ಕಿಂತ ಹೆಚ್ಚು ಶಾಲೆಗಳಿಗೆ ಬಾಂಬು ಇಟ್ಟಿರುವುದಾಗಿ ಮಿಂಚಂಚೆಯ ಬೆದರಿಕೆ ಬಂದಿತು. ಪೊಲೀಸರು ಬಂದರು, ಶೋಧಿಸಿದರು. ಏನೂ ಸಿಕ್ಕಲಿಲ್ಲ, ಹುಸಿ ಬೆದರಿಕೆಯೆಂದು ತಿಳಿಯಿತು. ದೇವರ ದಯೆ. ಆದರೆ ಅಂದಿನ ಶಾಲೆಯ ಬಾಗಿಲುಗಳನ್ನು ನೆನೆಸಿಕೊಳ್ಳಿರಿ. ಸುದ್ದಿ ಕೇಳಿದ ತಂದೆತಾಯಿಗಳು ಕೆಲಸ ಬಿಟ್ಟು ವಾಹನಗಳಲ್ಲಿ ನುಗ್ಗಿದರು. ಮಗುವನ್ನು ಯಾರ ಕೈಗೆ ಒಪ್ಪಿಸಬೇಕು, ಒಪ್ಪಿಸಿದುದನ್ನು ಎಲ್ಲಿ ಬರೆದುಕೊಳ್ಳಬೇಕು, ವಾಹನಗಳು ಯಾವ ಬೀದಿಯಿಂದ ಬಂದು ಯಾವ ಬೀದಿಯಿಂದ ಹೋಗಬೇಕು, ಬೆಂಕಿಯ ದಳದ ಬಂಡಿಗೆ ದಾರಿ ಉಳಿಯಬೇಕಾದರೆ ಯಾರನ್ನು ಎಲ್ಲಿ ನಿಲ್ಲಿಸಬೇಕು? ಮಕ್ಕಳನ್ನು ಹೊರಕ್ಕೆ ತರುವುದು ಕೆಲಸದ ಅರ್ಧ; ಒಬ್ಬೊಬ್ಬರನ್ನಾಗಿ ಸರಿಯಾದ ಕೈಗೆ ಮುಟ್ಟಿಸುವುದು ಇನ್ನರ್ಧ. ಈ ಎರಡನೆಯ ಅರ್ಧವನ್ನು ಮೊದಲೇ ಅಭ್ಯಾಸಮಾಡದೆ ಆ ಗಳಿಗೆಯಲ್ಲಿ ಯಾರೂ ಮಾಡಲಾರರು.

ವೃತ್ತಿಯೊಂದನ್ನು ಕ್ರಮಬದ್ಧವಾಗಿ ಕಟ್ಟದೆ ಇದ್ದರೆ ಅದರ ಸ್ಥಾನವು ಖಾಲಿಯಾಗಿ ಉಳಿಯುವುದೂ ಇಲ್ಲ. ವೇಷಧಾರಿಗಳು ಬಂದು ತುಂಬುವರು. 2018ರ ಜುಲೈ ತಿಂಗಳಲ್ಲಿ ಕೊಯಮತ್ತೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಆಪತ್ತಿನ ಕವಾಯತು ನಡೆಯಿತು. ಕೆಳಗೆ ಬಲೆಯನ್ನು ಹಿಡಿದಿದ್ದರು. ಎರಡನೆಯ ಅಂತಸ್ತಿನಿಂದ ವಿದ್ಯಾರ್ಥಿನಿಯೊಬ್ಬಳು ಹಾರಬೇಕಾಗಿತ್ತು. ಅವಳು ಹಿಂಜರಿದಳು. ಶಿಕ್ಷಕನೆನಿಸಿಕೊಂಡವನು ಅವಳನ್ನು ತಳ್ಳಿದನು. ತಲೆ ಕೆಳಗಿನ ಅಂತಸ್ತಿನ ಬಿಸಿಲು ಮರೆಯ ಚಾಚಿಗೆ ಬಡಿಯಿತು, ಅವಳು ಬದುಕಲಿಲ್ಲ. ಅವನು ರಾಷ್ಟ್ರೀಯ ಪ್ರಾಧಿಕಾರದ ಶಿಕ್ಷಕನೆಂದು ಹೇಳಿಕೊಂಡಿದ್ದನು. ತಮ್ಮಲ್ಲಿ ಅಂತಹವನಿಲ್ಲವೆಂದು ಪ್ರಾಧಿಕಾರವು ಹೇಳಿಕೆ ಕೊಟ್ಟಿತು. ಸರ್ಟಿಫಿಕೇಟನ್ನು ಕೇಳಿ ನೋಡತಕ್ಕ ಪದ್ಧತಿ ಇದ್ದಿದ್ದರೆ, ಕೊಡತಕ್ಕ ಸಂಸ್ಥೆ ಯಾವುದೆಂದು ಕಾಲೇಜಿನವರಿಗೆ ಗೊತ್ತಿದ್ದರೆ, ಆ ಮಗಳು ಇಂದು ತಾಯಿಯ ಮನೆಯಲ್ಲಿರುತ್ತಿದ್ದಳು. ಪಶುವೈದ್ಯನಿಗೂ ನಾವು ಪದವಿಯನ್ನು ಕೇಳುತ್ತೇವೆ.

ಅಮೆರಿಕಾದವರು ಈ ಪಾಠವನ್ನು ಕಷ್ಟಪಟ್ಟೇ ಕಲಿತರು. 1937ರ ಮಾರ್ಚಿಯಲ್ಲಿ ಟೆಕ್ಸಸಿನ ನ್ಯೂ ಲಂಡನ್ ಎಂಬಲ್ಲಿ ಶಾಲೆಯ ನೆಲಮಾಳಿಗೆಯಲ್ಲಿ ಸೋರಿದ ಅನಿಲವು ಸಿಡಿದು ಮುನ್ನೂರರ ಸಮೀಪ ಜನ ಸತ್ತರು. ಅನಿಲಕ್ಕೆ ವಾಸನೆಯಿರಲಿಲ್ಲ, ಸೋರಿದ್ದು ಯಾರಿಗೂ ತಿಳಿಯಲಿಲ್ಲ. ಅದೇ ವರ್ಷ ಆ ಸಂಸ್ಥಾನವು ಎರಡು ಕೆಲಸ ಮಾಡಿತು: ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಬೇಕೆಂದು ವಿಧಿಸಿತು, ಯೋಗ್ಯತೆ ಪರೀಕ್ಷಿತವಾಗಿ ಹೆಸರು ದಾಖಲಾಗದವನು ಎಂಜಿನಿಯರನೆನಿಸಿಕೊಳ್ಳಕೂಡದೆಂದು ಕಾಯಿದೆ ಮಾಡಿತು. ಮೊದಲನೆಯದರ ಫಲ ಲೋಕಕ್ಕೆಲ್ಲ ಹಬ್ಬಿ ಇಂದು ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿಯೂ ಮೂಗಿಗೆ ಹೊಡೆಯುತ್ತದೆ. ಎರಡನೆಯದರ ಅರ್ಥವನ್ನು ನಾವು ಇನ್ನೂ ಗ್ರಹಿಸಿಲ್ಲ. ಆದರೂ 1958ರ ಡಿಸೆಂಬರ್ 1ರಂದು ಚಿಕಾಗೋ ನಗರದ ಪಾದ್ರಿಗಳ ಶಾಲೆಯೊಂದರಲ್ಲಿ ಬೆಂಕಿಯೆದ್ದು 92 ಮಕ್ಕಳೂ ಮೂವರು ಸಂನ್ಯಾಸಿನಿಯರೂ ಸತ್ತರು. ಕೆಲವೇ ವಾರಗಳ ಹಿಂದೆ ಅದೇ ಕಟ್ಟಡವು ಅಗ್ನಿ ತಪಾಸಣೆಯಲ್ಲಿ ಉತ್ತೀರ್ಣವಾಗಿತ್ತು! ಹಳೆಯ ಕಟ್ಟಡವೆಂದು ಹೊಸ ನಿಯಮಗಳಿಂದ ಅದಕ್ಕೆ ವಿನಾಯಿತಿಯಿತ್ತು. ಮರುವರ್ಷ ಲಾಸ್ ಏಂಜಲಿಸಿನ ಅಗ್ನಿಶಾಮಕರು ಪಾಳುಬಿದ್ದ ಶಾಲೆಯೊಂದಕ್ಕೆ ತಾವೇ ಬೆಂಕಿಯಿಟ್ಟು, ತೆರೆದ ಮೆಟ್ಟಿಲಿನಲ್ಲಿ ಹೊಗೆ ಎಷ್ಟು ಬೇಗ ಏರುತ್ತದೆಂದು ಅಳೆದರು. ಉರಿಗಿಂತ ಮೊದಲು ಕೊಲ್ಲುವುದು ಹೊಗೆ. ಮೆಟ್ಟಿಲಿಗೆ ಬಾಗಿಲು ಇಲ್ಲದಿದ್ದರೆ ಅದೇ ಹೊಗೆಯ ಕೊಳವೆಯಾಗುತ್ತದೆ. 1983ರಲ್ಲಿ ಟೆಕ್ಸಸಿನ ಒಂದು ವಿಶ್ವವಿದ್ಯಾನಿಲಯವು ಆಪತ್ಕಾಲದ ಆಡಳಿತವನ್ನೇ ಪದವಿಯ ವಿಷಯವನ್ನಾಗಿ ಮಾಡಿತು. ಇಂದು ಅಲ್ಲಿನ ದೊಡ್ಡ ವಿದ್ಯಾಮಂಡಲಿಗಳಲ್ಲಿ ಶಾಲೆಗಳ ರಕ್ಷಣೆಗೆಂದೇ ಸಂಬಳದ ಅಧಿಕಾರಿಗಳಿರುವರು. ಆ ದೇಶದ ಎಲ್ಲವನ್ನೂ ನಾವು ಮೆಚ್ಚುವವರಲ್ಲ. ಶಾಲೆಗೆ ಬಂದೂಕು ಬರುವ ಅವರ ದುರ್ಗತಿ ನಮಗೆ ಬಾರದಿರಲಿ.

ಹಾಗಾದರೆ ಇಂತಹ ಅಧಿಕಾರಿಯು ದಿನವೆಲ್ಲ ಏನು ಮಾಡುತ್ತಾನೆ, ಆಪತ್ತು ಬರುವವರೆಗೆ ಸುಮ್ಮನೆ ಸಂಬಳ ತಿನ್ನುತ್ತಾನೆಯೆ ಎಂದು ಖಜಾನೆಯವರು ಕೇಳುವರು. ಕೇಳತಕ್ಕ ಪ್ರಶ್ನೆಯೇ. ಅವನು ಒಂದು ಶಾಲೆಗೆ ಹೋದರೆ ಮೊದಲು ಬಾಗಿಲುಗಳನ್ನು ಎಣಿಸುತ್ತಾನೆ. ಎರಡನೆಯ ಬಾಗಿಲಿಗೆ ಬೀಗವಿದ್ದರೆ ಅದರ ಕೀಲಿ ಎಲ್ಲಿದೆಯೆಂದು ಕೇಳುತ್ತಾನೆ, ತರಿಸುತ್ತಾನೆ, ತರುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುತ್ತಾನೆ. ಅಡಿಗೆಮನೆಯ ಸಿಲಿಂಡರು ಒಳಗಿದೆಯೋ ಹೊರಗಿದೆಯೋ ನೋಡುತ್ತಾನೆ. ಬೆಂಕಿ ಆರಿಸುವ ಕೆಂಪು ಕೊಳವೆಯನ್ನು ಗೋಡೆಯಿಂದ ಇಳಿಸಿ ಅದರ ತಾರೀಖನ್ನು ಓದುತ್ತಾನೆ. ಬಳಸಲು ಬರುವವರು ಎಷ್ಟು ಮಂದಿಯೆಂದು ಕೇಳುತ್ತಾನೆ. ಕಾಲಿಲ್ಲದ ಮಗು, ಕಣ್ಣಿಲ್ಲದ ಮಗು, ಕಿವಿ ಕೇಳದ ಮಗು ಯಾವ ತರಗತಿಯಲ್ಲಿದೆ, ಗಂಟೆ ಬಾರಿಸಿದರೆ ಅದಕ್ಕೆ ತಿಳಿಸುವವರು ಯಾರು, ಎತ್ತಿಕೊಂಡು ಹೋಗುವವರು ಯಾರು ಎಂದು ಹೆಸರು ಬರೆಯಿಸುತ್ತಾನೆ. ತರಗತಿ ಮಾಳಿಗೆಯ ಮೇಲಿದ್ದರೆ ಕೆಳಗೆ ಬರಲು ಹೇಳುತ್ತಾನೆ. ಹೇಳದೆ ಕೇಳದೆ ಒಂದು ದಿನ ಗಂಟೆ ಬಾರಿಸಿ, ಗಡಿಯಾರ ಹಿಡಿದು ನಿಲ್ಲುತ್ತಾನೆ. ಮಕ್ಕಳು ಬಯಲಿಗೆ ಬಂದ ಮೇಲೆ ಹಾಜರಿಯ ಪುಸ್ತಕ ಎಲ್ಲಿ ಎನ್ನುತ್ತಾನೆ. ಅದು ಉರಿಯುವ ಕೋಣೆಯಲ್ಲಿಯೇ ಉಳಿದಿರುತ್ತದೆ. ಆಗ ಎಲ್ಲರೂ ನಗುವರು. ಆ ನಗೆಯ ಮರುದಿನದಿಂದ ಪುಸ್ತಕವು ಉಪಾಧ್ಯಾಯರ ಕೈಯಲ್ಲಿಯೇ ಹೊರಗೆ ಬರುತ್ತದೆ. ಒಂದು ತಾಲ್ಲೂಕಿನಲ್ಲಿ ನೂರಾರು ಶಾಲೆಗಳು. ವರ್ಷಕ್ಕೆ ಎರಡು ಸಾರಿ ಹೀಗೆ ಹೋಗಿ ಬರುವುದೆಂದರೆ ಅವನಿಗೆ ಭಾನುವಾರ ಉಳಿದರೆ ಹೆಚ್ಚು.

ಇಂತಹವರನ್ನು ಎಲ್ಲಿಂದ ತರೋಣ? ವಿದ್ಯೆಗೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. 1956ರಲ್ಲಿ ಆರಂಭವಾದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು ನಾಗಪುರದಲ್ಲಿದೆ. ದಿಲ್ಲಿಯಲ್ಲಿ ವಿಪತ್ತು ನಿರ್ವಹಣೆಯ ರಾಷ್ಟ್ರೀಯ ಸಂಸ್ಥೆಯಿದೆ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ವಿಭಾಗವಿದೆ. ಕೊಚ್ಚಿಯ ವಿಶ್ವವಿದ್ಯಾನಿಲಯದಲ್ಲಿ ಸುರಕ್ಷಾ ಎಂಜಿನಿಯರಿಂಗಿನ ಪದವಿಯಿದೆ. ನಮ್ಮ ಬೆಂಗಳೂರಿನಲ್ಲಿಯೇ ಮುಂಡ್ಕೂರರ ಹೆಸರಿನ ಅಗ್ನಿಶಾಮಕ ಶಿಕ್ಷಣಾಲಯವಿದೆ. ಅಲ್ಲಿಂದ ಹೊರಬಂದ ತರುಣರು ಕಾರಖಾನೆಗಳಿಗೆ ಹೋಗುವರು, ಎಣ್ಣೆಯ ಕಂಪೆನಿಗಳಿಗೆ ಹೋಗುವರು, ಸಮುದ್ರ ದಾಟಿ ಅರಬರ ದೇಶಗಳಿಗೆ ಹೋಗುವರು. ಕಾರಖಾನೆಗೆ ಸುರಕ್ಷಾ ಅಧಿಕಾರಿ ಬೇಕೆಂದು ನಮ್ಮ ಕಾಯಿದೆಯೇ ಹೇಳುತ್ತದೆ. ಸಾವಿರ ಕೂಲಿಗಳಿದ್ದರೆ ಒಬ್ಬ ಅಧಿಕಾರಿ ಕಡ್ಡಾಯವೆಂದು 1948ರ ಕಾರಖಾನೆಗಳ ಕಾಯಿದೆಗೆ ತರುವಾಯ ಸೇರಿಸಿದ ವಿಧಿಯಲ್ಲಿ ಹೇಳಿತ್ತು. ಸಾವಿರ ಮಕ್ಕಳಿರುವ ಶಾಲೆಗೆ ಅದು ಏಕೆ ಬೇಡವಾಯಿತು? ಯಂತ್ರದ ಬಳಿಯ ಪ್ರಾಯಸ್ಥನಿಗಿಂತ ಬೆಂಚಿನ ಮೇಲಿನ ಮಗುವು ತನ್ನನ್ನು ತಾನು ಹೆಚ್ಚಾಗಿ ಕಾಪಾಡಿಕೊಳ್ಳುತ್ತದೆಯೆ?

ನಮ್ಮ ಸೂಚನೆ ದೊಡ್ಡದಲ್ಲ. ತಾಲ್ಲೂಕಿಗೊಬ್ಬ ಶಾಲಾ ರಕ್ಷಣಾಧಿಕಾರಿ. ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರಿಂದ ಆರಂಭಿಸಿದರೂ ಆದೀತು, ಅವರ ಅನುಭವ ಮನೆಯ ಜಗಲಿಯ ಮೇಲೆ ವ್ಯರ್ಥವಾಗುತ್ತಿದೆ. ಎರಡು ಮೂರು ವರ್ಷಗಳಲ್ಲಿ ಉಪಾಧ್ಯಾಯರೊಳಗಿಂದ ಇಷ್ಟವುಳ್ಳವರನ್ನು ಆರಿಸಿ, ಒಂದು ವರ್ಷ ಶಿಕ್ಷಣಕ್ಕೆ ಕಳುಹಿಸಿ, ಮರಳಿ ಬಂದ ಮೇಲೆ ಈ ಕೆಲಸಕ್ಕೇ ಇರಿಸಬೇಕು, ಮತಗಟ್ಟೆಗೆ ಕರೆಯಕೂಡದು. ಅವರಿಗೆ ಜಿಲ್ಲೆಯಲ್ಲಿ ಮೇಲಿನ ಹುದ್ದೆ, ರಾಜ್ಯದಲ್ಲಿ ಅದಕ್ಕೂ ಮೇಲಿನದು ಇರಬೇಕು. ಏರುವ ಮೆಟ್ಟಿಲಿಲ್ಲದ ಉದ್ಯೋಗಕ್ಕೆ ಬುದ್ಧಿವಂತರು ಬರುವುದಿಲ್ಲ. ಅಪಾಯದ ಕೋಣೆಗೆ ಬೀಗ ಹಾಕಿಸುವ ಅಧಿಕಾರ ಅವರ ಕೈಯಲ್ಲಿರಬೇಕು, ಶಿಫಾರಸು ಮಾತ್ರ ಸಾಲದು. ಅವರ ವರದಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಬೇಕು, ತಂದೆತಾಯಿಗಳು ಓದಲಿ. ಹೀಗೆ ಮಾಡಿದರೆ ಖಾಸಗಿ ಶಾಲೆಗಳ ಒಡೆಯರು ಗದ್ದಲ ಮಾಡುವರೆಂಬುದು ನಮಗೆ ಗೊತ್ತು. ಶುಲ್ಕ ಏರಿಸುವಾಗ ಇಲ್ಲದ ಬಡತನ ಎರಡನೆಯ ಮೆಟ್ಟಿಲನ್ನು ಕಟ್ಟಿಸಿರೆಂದಾಗ ಅವರಿಗೆ ಒಮ್ಮೆಗೇ ಬರುತ್ತದೆ. ಸರಕಾರದ ಶಾಲೆಗಳ ಸ್ಥಿತಿಯನ್ನು ಸರಕಾರವೇ ಬಾಗಿಲಿಗೆ ಅಂಟಿಸಿದ ಮೇಲೆ ಅವರನ್ನು ಕೇಳುವ ಮುಖ ಸರಕಾರಕ್ಕೆ ಬಂದೀತು.

ಸರಕಾರವು ಇದನ್ನು ಯಾವಾಗ ಮಾಡುವುದೋ ಮಾಡಲಿ. ನಮ್ಮ ವಾಚಕರಲ್ಲಿ ಶಾಲಾ ಸಮಿತಿಗಳ ಸದಸ್ಯರು ಬಹಳ ಮಂದಿ ಇರುವರು. ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆಯುವುದಕ್ಕೆ ಮೊದಲು ನಡೆಯುವ ಸಭೆಯಲ್ಲಿ ಅವರು ಮೂರು ಸಂಗತಿಗಳನ್ನು ಕೇಳಿ ತಿಳಿಯಲಿ: ಅಡಿಗೆಮನೆಯ ಒಲೆಗೂ ತರಗತಿಗೂ ನಡುವೆ ಎಷ್ಟು ಮೊಳ, ಎರಡನೆಯ ಬಾಗಿಲಿನ ಕೀಲಿ ಯಾರ ಬಳಿ, ಆಪತ್ತಿನ ದಿನ ಮಗುವನ್ನು ಯಾರ ಕೈಗೆ ಕೊಡತಕ್ಕದ್ದೆಂಬ ಪಟ್ಟಿ ಎಲ್ಲಿದೆ. ಬಂದ ಉತ್ತರಗಳನ್ನು ನಡವಳಿಕೆಯ ಪುಸ್ತಕದಲ್ಲಿ ಬರೆಯಿಸಿ, ಅಧ್ಯಕ್ಷರ ರುಜು ಹಾಕಿಸಿ, ಒಂದು ಪ್ರತಿಯನ್ನು ತಾಲ್ಲೂಕಿನ ಶಿಕ್ಷಣಾಧಿಕಾರಿಗಳಿಗೂ ಇನ್ನೊಂದನ್ನು ಈ ಪತ್ರಿಕೆಯ ಕಚೇರಿಗೂ ಕಳುಹಿಸಿದರೆ ನಾವು ಪ್ರಕಟಿಸುವುದಕ್ಕೆ ಸಿದ್ಧರಿದ್ದೇವೆ.